ಕುರಿಗೆ ಲಸಿಕೆ ನಿಂತರೆ ಮನುಷ್ಯರಿಗೆ ನೆರಡಿ

ಹೋದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕು ದಿನ ಆಗಿತ್ತು. ಕುಷ್ಟಗಿ ಕಡೆ ಇರುವ ನಮ್ಮ ಕಾಕಾನ ಹಿಂಡಿನಲ್ಲಿ ಒಂದು ಕುರಿ ಬೆಳಗಾಗುವುದರೊಳಗೆ ಸತ್ತು ಬಿದ್ದಿತ್ತು. ರಾತ್ರಿ ಚೆನ್ನಾಗಿಯೇ ಮೆಲುಕು ಹಾಕುತ್ತಿದ್ದ ಕುರಿ. ಮೂಗಿನ ಹತ್ತಿರ ಸ್ವಲ್ಪ ರಕ್ತ, ಅದೂ ಹೆಪ್ಪುಗಟ್ಟಿರಲಿಲ್ಲ. ಕಾಕಾ ಚರ್ಮ ಬಿಚ್ಚಲು ಚಾಕು ತಂದಿದ್ದರು. ಸಾವಿರಾರು ರೂಪಾಯಿಯ ಕುರಿ ಸುಮ್ನೆ ಮಣ್ಣು ಪಾಲಾಗುವಾಗ ಚರ್ಮ, ಮಾಂಸವಾದರೂ ಉಳಿಯಲಿ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಫೋನಿನಲ್ಲಿ ಪಶು ಡಾಕ್ಟರು ಹೇಳಿದ್ದು ಒಂದೇ ಮಾತು: "ನಾನು ಬರೋತನಕ ಚಾಕು ಹಚ್ಚಬೇಡ್ರಿ."

ಬಂದವರು ಕೈಗವಸು ಹಾಕಿಕೊಂಡು, ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದರು. ಅಷ್ಟೇ. ಆಮೇಲೆ ಅದು ನೆರಡಿ ಅಲ್ಲ, ಕರುಳುಬೇನೆ ಇರಬೇಕು ಅಂತ ಹೇಳಿದರು. ಆದರೆ ಅವರು ಹೆದರಿದ್ದಕ್ಕೆ ಸರಿಯಾದ ಕಾರಣ ಇತ್ತು.

ನೆರಡಿ ಅಂದರೆ ಆಂಥ್ರಾಕ್ಸ್. ಗಡಿಯ ತೆಲುಗು ಮಂದಿ ದೊಮ್ಮ ಅನ್ನುತ್ತಾರೆ. ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಖ್ 1876ರಲ್ಲೇ ಇದರ ಹಿಂದಿರುವ ಬ್ಯಾಕ್ಟೀರಿಯಾ ಯಾವುದು ಅಂತ ತೋರಿಸಿದ್ದರು. ಸತ್ತ ಪ್ರಾಣಿಯನ್ನು ಕೊಯ್ಯದೆ ಬಿಟ್ಟರೆ, ಒಳಗಿರುವ ಈ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಕೊಳೆತದ ಜೊತೆಗೇ ಬಹುಪಾಲು ಸಾಯುತ್ತದೆ. ಕೊಯ್ದರೆ ಗಾಳಿ ತಾಗುತ್ತದೆ. ಗಾಳಿ ತಾಗಿದ ಕೂಡಲೇ ಅದು ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜಕವಾಗುತ್ತದೆ. ಹಿಂದೆ ನಮ್ಮಲ್ಲಿ ನೆಲದೊಳಗಿನ ಹಗೇವಿನಲ್ಲಿ ಜೋಳ ಇಡುತ್ತಿದ್ದರಲ್ಲ, ಹಾಗೆ ಮಣ್ಣೊಳಗೆ ಕೂತುಬಿಡುತ್ತದೆ. ಜೋಳ ಕೆಲವು ವರ್ಷಕ್ಕೆ ಹಾಳಾಗಬಹುದು, ಈ ಬೀಜಕ ಹತ್ತಾರು ವರ್ಷ ಕೆಡುವುದಿಲ್ಲ. ಅದರಲ್ಲೂ ಸುಣ್ಣದ ಅಂಶ ಇರುವ, ಕ್ಷಾರ ಜಾಸ್ತಿ ಇರುವ ಮಣ್ಣು ಇದಕ್ಕೆ ಇಷ್ಟ. ರಾಯಚೂರು, ಬಳ್ಳಾರಿಯ ಎರೆಹೊಲ ಅಗೆದರೆ ಬಿಳಿ ಸುಣ್ಣದ ಹರಳು ಕೈಗೆ ಸಿಗುತ್ತವೆ, ನೋಡಿದ್ದೀರಲ್ಲ. ಬೇಸಿಗೆಯಲ್ಲಿ ಹುಲ್ಲು ನೆಲಕ್ಕೆ ಹತ್ತಿಕೊಂಡಾಗ ಕುರಿ ಬೇರಿನ ತನಕ ಮೇಯುತ್ತದೆ, ಮಣ್ಣೂ ಹೊಟ್ಟೆಗೆ ಹೋಗುತ್ತದೆ.

ಮನುಷ್ಯರಿಗೆ ಇದು ನೂರಕ್ಕೆ ತೊಂಬತ್ತೈದು ಸಲ ಚರ್ಮದ ಮೂಲಕವೇ ಬರುತ್ತದೆ. ಚರ್ಮ ಬಿಚ್ಚಿದ ಕೈಯಲ್ಲಿ ಒಂದು ಸಣ್ಣ ಗುಳ್ಳೆ ಏಳುತ್ತದೆ, ತುರಿಸುತ್ತದೆ, ನೀರು ತುಂಬುತ್ತದೆ, ಆಮೇಲೆ ಒಡೆದು ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಬಾವು ಬರುತ್ತದೆ. ನೋವು ಮಾತ್ರ ಇರುವುದಿಲ್ಲ. ನೋವಿಲ್ಲ ಅಂತಲೇ ಜನ ಆಸ್ಪತ್ರೆಗೆ ಹೋಗುವುದಿಲ್ಲ, ನನಗೆ ಹೆದರಿಕೆ ಇರುವುದೇ ಅದಕ್ಕೆ. ಬೇಗ ಹೋದರೆ ಆಂಟಿಬಯಾಟಿಕ್‌ನಿಂದ ಹೆಚ್ಚುಕಮ್ಮಿ ಎಲ್ಲರೂ ಉಳಿಯುತ್ತಾರೆ. ಸುಮ್ಮನೆ ಬಿಟ್ಟರೆ ನೂರಕ್ಕೆ ಇಪ್ಪತ್ತು ಜನರ ತನಕ ಸಾಯಬಹುದು.

ಒಬ್ಬರಿಂದ ಒಬ್ಬರಿಗೆ ಇದು ಹರಡುವುದು ತೀರಾ ಅಪರೂಪ. ಹಾಗಾಗಿ ಒಂದು ದೇಶದಲ್ಲಿ ವರ್ಷವರ್ಷ ಎಷ್ಟು ಜನಕ್ಕೆ ನೆರಡಿ ಬಂತು ಅನ್ನುವ ಲೆಕ್ಕ ನೋಡಿದರೆ, ಅಲ್ಲಿ ಕಾಣುವುದು ಜನರ ಆರೋಗ್ಯಕ್ಕಿಂತ ಜಾಸ್ತಿ ದನಕುರಿಗಳ ಲಸಿಕೆಯ ಕಥೆ. ಇದಕ್ಕೆ ಜಿಂಬಾಬ್ವೆಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಆಗ ಅದರ ಹೆಸರು ರೊಡೇಷಿಯಾ. ಮನುಷ್ಯರಿಗೆ ಈ ರೋಗ ಅಲ್ಲಿ ಅಪರೂಪವಾಗಿತ್ತು. 1970ರ ದಶಕದ ಕೊನೆಗೆ ಅಂತರ್ಯುದ್ಧ ಜೋರಾಯಿತು, ಹಳ್ಳಿಗಳಿಗೆ ಪಶು ಡಾಕ್ಟರು ಹೋಗುವುದು ನಿಂತಿತು, ಲಸಿಕೆ ನಿಂತಿತು, ದನ ಸತ್ತವು, ಹಸಿದ ಜನ ಸತ್ತ ದನವನ್ನು ಕೊಯ್ದರು. 1978ರಿಂದ 1980ರೊಳಗೆ 10,000ಕ್ಕೂ ಹೆಚ್ಚು ಜನಕ್ಕೆ ನೆರಡಿ ಬಂತು, ಸುಮಾರು 180 ಜನ ಸತ್ತರು. ಯುದ್ಧ ಮುಗಿದರೂ ರೋಗ ಪೂರ್ತಿ ಹೋಗಲಿಲ್ಲ, ಯಾಕಂದರೆ ಬೀಜಕ ಆಗಲೇ ಹೊಸ ಹೊಸ ಕಡೆ ಮಣ್ಣು ಸೇರಿತ್ತು.

ಯುದ್ಧವೇ ಬೇಕು ಅಂತೇನಿಲ್ಲ. ಜಾರ್ಜಿಯಾ ದೇಶ 2007ರಲ್ಲಿ ಕಡ್ಡಾಯ ಲಸಿಕೆ ಕೈಬಿಟ್ಟಿತು, 2012ರ ಹೊತ್ತಿಗೆ ರೋಗಿಗಳು ಜಾಸ್ತಿಯಾದರು. ಅದೇ 2007ರಲ್ಲಿ ರಷ್ಯಾದ ಯಮಾಲ್‌ನಲ್ಲೂ ಹಿಮಸಾರಂಗಗಳ ಲಸಿಕೆ ನಿಲ್ಲಿಸಿದ್ದರು. ಅಲ್ಲಿ 1941ರ ನಂತರ ರೋಗವೇ ಕಂಡಿರಲಿಲ್ಲ. 2016ರ ಬೇಸಿಗೆ ಸುಡುಬಿಸಿಲಿಗೆ ಹೆಪ್ಪುಗಟ್ಟಿದ ನೆಲ ಕರಗಿ, ಒಳಗಿದ್ದ ಹಳೇ ಬೀಜಕ ಹೊರಬಂದು 2,000ಕ್ಕೂ ಹೆಚ್ಚು ಸಾರಂಗ ಸತ್ತವು, ಜೊತೆಗೆ 12 ವರ್ಷದ ಒಬ್ಬ ಹುಡುಗನೂ. ರೋಗ ಕಾಣುತ್ತಿಲ್ಲ ಅಂದಾಗ ಲಸಿಕೆ ಯಾಕೆ ಅನ್ನಿಸುತ್ತದೆ. ಅದು ಕಾಣದೆ ಇರುವುದೇ ಲಸಿಕೆಯಿಂದ.

ನಮ್ಮಲ್ಲಿ ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ. ರೋಗ ಕಂಡ ಜಾಗದಲ್ಲಿ ಅದನ್ನು ವರ್ಷವರ್ಷ ಹಾಕಬೇಕು. ಹಾಗಾದರೆ ಎಲ್ಲಿ ಕಂಡಿತ್ತು ಅನ್ನುವುದು ನೆನಪಿರಬೇಕಲ್ಲ? ವರ್ಷದಲ್ಲಿ ಎಷ್ಟೋ ತಿಂಗಳು ಊರು ಬಿಟ್ಟು ಹೊಲದಿಂದ ಹೊಲಕ್ಕೆ ಹಿಂಡು ನಡೆಸುವವರಿಗೆ ಇದು ಇನ್ನೂ ಕಷ್ಟ.

ಅವತ್ತು ಆಳವಾಗಿ ಗುಂಡಿ ತೋಡಿ ಆ ಕುರಿಯನ್ನು ಇಡಿಯಾಗಿ ಹೂತೆವು. ಮೇಲೆ ಜಾಲಿ ಕಂಟಿ ಹೇರಿದ ಮೇಲೆ, ಹೀಗೆ ರಾತ್ರೋರಾತ್ರಿ ಸತ್ತ ಕುರಿಗಳನ್ನು ಹಿಂದೆ ಎಲ್ಲೆಲ್ಲಿ ಹೂತಿದ್ದೀರಿ ಅಂತ ಕಾಕಾನನ್ನು ಕೇಳಿದೆ. ಕೆರೆ ದಂಡೆ, ಹಳೇ ಬಾವಿ ಹತ್ತಿರ, ತಾವರಗೇರಾ ದಾರಿಯ ಬೇವಿನ ಮರ ಅಂತ ಬೆರಳು ಮಡಿಸುತ್ತಾ ಏಳು ಜಾಗ ಹೇಳಿದರು. ಮನೆಗೆ ಬಂದು ಮೊಮ್ಮಗಳ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಏಳನ್ನೂ ಬರೆಸಿದರು.