ಟಾರ್ಚಿಗೆ ಎಷ್ಟು ಪಾಯಿಂಟ್?

ಮೇಜಿನ ಸುತ್ತ ಕುಳಿತು ಆಡುವ ಕತೆಯಾಟವೊಂದರಲ್ಲಿ, ಸುರಂಗದ ಕತ್ತಲಲ್ಲಿ ನಮ್ಮ ನಾಲ್ವರು ಸೂಪರ್‌ಹೀರೋಗಳು ಇಪ್ಪತ್ತು ನಿಮಿಷ ನಿಂತುಬಿಟ್ಟರು. ತಡೆದದ್ದು ಖಳನಾಯಕನಲ್ಲ, ಒಂದು ಟಾರ್ಚು.

ಒಬ್ಬ ಆಟಗಾರ ‘ಜೇಬಿನಿಂದ ಟಾರ್ಚ್ ತೆಗೆಯುತ್ತೇನೆ’ ಎಂದ. ಪಕ್ಕದಲ್ಲಿ ಕುಳಿತಿದ್ದವಳು ಅವನ ಪಾತ್ರದ ಶಕ್ತಿ, ಸಾಮಾನುಗಳನ್ನು ಬರೆದಿಟ್ಟ ಹಾಳೆಯನ್ನು ತನ್ನತ್ತ ಎಳೆದುಕೊಂಡು, ‘ಎಲ್ಲಿ ಬರೆದಿದ್ದೀಯಾ, ತೋರಿಸು’ ಎಂದಳು. ಅವಳ ಸಿಟ್ಟಿಗೆ ಕಾರಣವಿತ್ತು. ಕತ್ತಲಲ್ಲೂ ಕಾಣುವ ಶಕ್ತಿ ಬೇಕೆಂದು ಅವಳು ಪಾತ್ರ ಕಟ್ಟಲು ಸಿಕ್ಕ ತನ್ನ ಪಾಲಿನ ಪಾಯಿಂಟ್‌ಗಳನ್ನು ಎಣಿಸಿ ಕೊಟ್ಟಿದ್ದಳು. ಆಗ ನಾನು ಹೊಸ ಗೇಮ್ ಮಾಸ್ಟರ್, ಅಂದರೆ ಆಟ ನಡೆಸಿಕೊಟ್ಟು ತೀರ್ಪು ಹೇಳುವವ. ಹಾಳೆಯಲ್ಲಿ ಇಲ್ಲದ್ದು ಕೈಯಲ್ಲೂ ಇಲ್ಲ ಎಂದು ತೀರ್ಪು ಕೊಟ್ಟೆ. ಬಸ್ಸನ್ನು ಎತ್ತಿ ಎಸೆಯಬಲ್ಲ ವೀರ ಗೋಡೆ ತಡವುತ್ತಾ ನಡೆದ. ನನ್ನ ತೀರ್ಪು ತಪ್ಪಾಗಿತ್ತು, ಅವಳ ದೂರು ಸರಿಯಾಗಿತ್ತು. ಇವೆರಡೂ ಒಟ್ಟಿಗೇ ನಿಜವಾಗುವುದು ಹೇಗೆಂದು ತಿಳಿಯಲು ನನಗೆ ಕೆಲವು ವರ್ಷಗಳೇ ಹಿಡಿದವು.

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಈ ಆಟಗಳನ್ನು ನಡೆಸಿಕೊಡುವುದು ಈಗ ನನ್ನ ವಾರಾಂತ್ಯದ ವೃತ್ತಿ. ಕತ್ತಿ, ಮಾಟಮಂತ್ರಗಳ ಆಟದಿಂದ ಸೂಪರ್‌ಹೀರೋ ಆಟಕ್ಕೆ ಬರುವವರು ಮೊದಲು ಎಡವುವುದು ಸಾಮಾನು ಸರಂಜಾಮಿನ ವಿಷಯದಲ್ಲಿ. ಅಲ್ಲಿ ಹಗ್ಗಕ್ಕೂ ಎಣ್ಣೆಗೂ ಚಿನ್ನದ ನಾಣ್ಯದಲ್ಲಿ ಬೆಲೆ ಇರುತ್ತದೆ, ಹೊರುವುದಕ್ಕೆ ತೂಕದ ಲೆಕ್ಕವಿರುತ್ತದೆ. ಅದೇ ಲೆಕ್ಕವನ್ನು ಇಲ್ಲಿಗೆ ತಂದರೆ ಆಟ ಕೆಡುತ್ತದೆ. ಒಬ್ಬನ ಪಾತ್ರ ಕೋಟ್ಯಧಿಪತಿ, ಇನ್ನೊಬ್ಬನದು ಬಾಡಿಗೆ ಕಟ್ಟಲು ಒದ್ದಾಡುವ ಕಾಲೇಜು ಹುಡುಗ. ಹಣದಿಂದ ಬಂದೂಕು, ಕವಚ, ಹೆಲಿಕಾಪ್ಟರ್ ಕೊಳ್ಳಬಹುದಾದರೆ ಬೆರಳಿನಿಂದ ಬೆಂಕಿ ಉಗುಳಲು ಪಾಯಿಂಟ್ ತೆತ್ತವನು ಪೆದ್ದನಾಗುತ್ತಾನೆ.

1981ರಲ್ಲಿ ಅಮೆರಿಕದಲ್ಲಿ ಬಂದ ಚಾಂಪಿಯನ್ಸ್ ಎಂಬ ಆಟ ಈ ಗಂಟನ್ನು ಒಂದೇ ಏಟಿಗೆ ಕತ್ತರಿಸಿತು. ಪಾತ್ರವನ್ನು ಕಟ್ಟಲು ಎಲ್ಲರಿಗೂ ಒಂದೇ ಮೊತ್ತದ ಪಾಯಿಂಟ್. ಶಕ್ತಿ ಮೈಯೊಳಗಿದ್ದರೂ ಪೆಟ್ಟಿಗೆಯೊಳಗಿದ್ದರೂ ಅದಕ್ಕೆ ಪಾಯಿಂಟ್ ಕೊಡಲೇಬೇಕು. ಆದರೆ ಪೆಟ್ಟಿಗೆಯನ್ನು ಕಸಿದುಕೊಳ್ಳಬಹುದಾದ್ದರಿಂದ ಅದಕ್ಕೆ ರಿಯಾಯಿತಿ ಇದೆ. 60 ಪಾಯಿಂಟ್ ಬೆಲೆಯ ಕಿರಣ ಪ್ರಯೋಗವನ್ನು ಕೈಯಲ್ಲಿ ಹಿಡಿಯುವ ಬಂದೂಕಿಗೆ ಕಟ್ಟಿದರೆ 30ಕ್ಕೆ ಸಿಗುತ್ತದೆ. ನೋಡಿದೊಡನೆ ಶಕ್ತಿಯ ಮೂಲ ಯಾವುದೆಂದು ಗೊತ್ತಾಗುತ್ತದೆ, ಹೊಡೆದಾಟದ ನಡುವೆಯೇ ಕಿತ್ತುಕೊಳ್ಳಬಹುದು, ಆದ್ದರಿಂದ ಅರ್ಧ ಬೆಲೆ. ಮೈಗೆ ಬಿಗಿದ ಲೋಹದ ಕವಚಕ್ಕೆ ಕಟ್ಟಿದರೆ 40, ಏಕೆಂದರೆ ಅದು ಕಣ್ಣಿಗೆ ಕಂಡರೂ ಕಾದಾಟದ ಮಧ್ಯೆ ಕಳಚಲಾಗದು. ಬಟ್ಟೆಯೊಳಗೆ ಅಡಗಿದ, ಸುಲಭಕ್ಕೆ ಕಳಚಲಾಗದ ತಾಯಿತವಾದರೆ 48. ಬೆಲೆ ಕಟ್ಟುತ್ತಿರುವುದು ವಸ್ತುವಿಗಲ್ಲ, ಅದು ಕೈತಪ್ಪುವ ಸಾಧ್ಯತೆಗೆ.

ಹೊಸ ಆಟಗಾರರಿಗೆ ಇದನ್ನು ವಿವರಿಸಲು ನಾನು ಮಹಾಭಾರತದ ಮೊರೆ ಹೋಗುತ್ತೇನೆ. ಗಾಂಡೀವ ಅರ್ಜುನನ ಸಲಕರಣೆ. ಖಾಂಡವ ದಹನದ ಹೊತ್ತಿಗೆ ಅಗ್ನಿಯ ಕೃಪೆಯಿಂದ ವರುಣನಲ್ಲಿದ್ದ ಬಿಲ್ಲು ಕೈಗೆ ಬಂತು, ಮಹಾಪ್ರಸ್ಥಾನದ ದಾರಿಯಲ್ಲಿ ನೀರಿಗೆ ಹಿಂದಿರುಗಿತು. ಬಂದದ್ದೂ ಹೋದದ್ದೂ ಕತೆಯ ಅನುಕೂಲಕ್ಕೆ. ಕರ್ಣನ ಕವಚವೋ ಹುಟ್ಟಿನಿಂದ ಬಂದದ್ದು. ಆಟದ ಭಾಷೆಯಲ್ಲಿ ಅದು ಶಕ್ತಿ, ಪೂರ್ತಿ ಬೆಲೆಯದ್ದು. ಹಾಗಿದ್ದೂ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಬೇಡಿದಾಗ ಅದು ಹೋಯಿತಲ್ಲ? ಹೋದದ್ದು ಕರ್ಣನ ದಾನಗುಣದಿಂದ. ಅದು ಪಾತ್ರದ ಹಾಳೆಯ ಇನ್ನೊಂದು ಮೂಲೆಯಲ್ಲಿ, ಸ್ವಭಾವದ ಕೆಳಗೆ ಬರೆದಿರಬೇಕಾದ ದೌರ್ಬಲ್ಯ. ಇಷ್ಟು ಹೇಳಿದರೆ ಅರ್ಧ ನಿಯಮಪುಸ್ತಕ ಅರ್ಥವಾದಂತೆಯೇ.

ಆದರೂ ಟಾರ್ಚಿನ ಪ್ರಶ್ನೆ ಉಳಿಯಿತು. ಕವಚಕ್ಕೆ ಹಾಕಿದ ತಕ್ಕಡಿಯಲ್ಲೇ ಟಾರ್ಚು, ಕೈಕೋಳ, ದುರ್ಬೀನುಗಳನ್ನೂ ತೂಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. 2002ರಲ್ಲಿ ಮೊದಲು ಬಂದ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಎಂಬ ಆಟ ಇದಕ್ಕೊಂದು ಚಿಲ್ಲರೆ ನಾಣ್ಯವನ್ನು ಟಂಕಿಸಿತು. ಪಾತ್ರದ ಒಂದು ಪಾಯಿಂಟ್ ಕೊಟ್ಟರೆ ಸಲಕರಣೆಗೆಂದೇ ಐದು ಪಾಯಿಂಟ್. ಹೀಗಾಗಿ ಪೇಟೆಯಲ್ಲಿ ಸಿಗುವ ವಸ್ತುಗಳು ಐದನೇ ಒಂದು ಬೆಲೆಗೆ ಬರುತ್ತವೆ. ನಾಯಕನ ಗುರುತೇ ಆಗಿರುವ ಅದ್ಭುತ ಸಾಧನಗಳಿಗೆ ಅಲ್ಲಿ ಬೇರೆಯೇ ಲೆಕ್ಕ: 40 ಪಾಯಿಂಟಿನ ಶಕ್ತಿ ಕಳಚಬಹುದಾದ ಕವಚದಲ್ಲಿದ್ದರೆ 32, ಸುಲಭಕ್ಕೆ ಕಸಿಯಬಹುದಾದ ದಂಡದಲ್ಲಿದ್ದರೆ 24. ಅದೇ 40ನ್ನು ಸಾಮಾನ್ಯ ಸಲಕರಣೆಯ ಹೆಸರಿನಲ್ಲಿ ಕೊಂಡರೆ ಬರೀ 8.

ಈ 8 ಎಂಬ ಸಂಖ್ಯೆಯನ್ನು ಕಂಡೊಡನೆ ಕಣ್ಣರಳಿಸುವ ಆಟಗಾರ ಪ್ರತಿ ಮೇಜಿನಲ್ಲೂ ಒಬ್ಬನಿರುತ್ತಾನೆ. ಎಲ್ಲವನ್ನೂ ಸಲಕರಣೆ ಎಂದೇ ಬರೆದುಬಿಡೋಣ ಎನ್ನುತ್ತಾನೆ. ಅವನಿಗೆ ನಾನು ಆಟ ಶುರುವಾಗುವ ಮುನ್ನವೇ ಒಂದು ಮಾತು ಹೇಳಿಟ್ಟಿರುತ್ತೇನೆ: ಚಿಲ್ಲರೆ ಬೆಲೆಗೆ ಬಂದದ್ದು ಚಿಲ್ಲರೆಯಂತೆಯೇ ಖರ್ಚಾಗುತ್ತದೆ. ಪೊಲೀಸರು ಬಂದೂಕನ್ನು ಜಪ್ತಿ ಮಾಡಬಹುದು, ಸಮುದ್ರದಲ್ಲಿ ಮುಳುಗಿದರೆ ವೈರ್‌ಲೆಸ್ ಸೆಟ್ ಸತ್ತಿರುತ್ತದೆ, ಅದಕ್ಕೆ ನನ್ನಿಂದ ಪರಿಹಾರವಿಲ್ಲ. 32ಕ್ಕೋ 24ಕ್ಕೋ ಕೊಂಡ ಸಾಧನವನ್ನು ಕತೆಗಾಗಿ ನಾನು ಕಿತ್ತುಕೊಂಡರೆ ಮಾತ್ರ ಆಟಗಾರನಿಗೆ ಪ್ರತಿಯಾಗಿ ಏನಾದರೂ ಕೊಡಬೇಕಾದ ಋಣ ನನ್ನ ಮೇಲಿರುತ್ತದೆ.

ಕಿತ್ತುಕೊಳ್ಳುವ ವಿಷಯದಲ್ಲಿ ಗೇಮ್ ಮಾಸ್ಟರುಗಳದ್ದೂ ತಪ್ಪಿದೆ. ರಿಯಾಯಿತಿ ಕೊಟ್ಟಮೇಲೆ ಅದನ್ನು ವಸೂಲು ಮಾಡಬೇಕು. ಆರು ತಿಂಗಳು ಆಡಿದರೂ ಕವಚಧಾರಿಯನ್ನು ಒಮ್ಮೆಯೂ ಕವಚವಿಲ್ಲದೆ ಹಿಡಿಯದಿದ್ದರೆ ಅವನಿಗೆ ನೀವು ಪಾಯಿಂಟ್ ದಾನ ಮಾಡಿದ್ದೀರಿ ಎಂದೇ ಅರ್ಥ. ಪ್ರತಿ ವಾರವೂ ಕಳಚಿಟ್ಟರೆ ಅವನು ಬೇರೆ ಮೇಜು ಹುಡುಕುತ್ತಾನೆ. ನಾಲ್ಕು ಭೇಟಿಗೊಮ್ಮೆ ಎಂಬುದು ನನ್ನ ಅಂದಾಜು. ಅದೂ ಸ್ನಾನದ ಮನೆಯಲ್ಲೋ ಮದುವೆಯ ಮನೆಯಲ್ಲೋ ಆದರೆ ಚೆನ್ನ. ಕವಚ ತೊಟ್ಟು ಊಟದ ಪಂಕ್ತಿಯಲ್ಲಿ ಕೂರಲಾಗದು.

ಬೇರೆ ಆಟಗಳ ದಾರಿ ಬೇರೆ. 1984ರ ಮಾರ್ವೆಲ್ ಸೂಪರ್ ಹೀರೋಸ್ ರೂಪಾಯಿ ಡಾಲರ್ ಲೆಕ್ಕದ ಬದಲು ಪಾತ್ರದ ಆರ್ಥಿಕ ಶಕ್ತಿಗೇ ಒಂದು ದರ್ಜೆ ಕೊಟ್ಟಿತು. ಮರುವರ್ಷ ಬಂದ ಡಿಸಿ ಹೀರೋಸ್ ಬಳಗದಲ್ಲಿ ಆಮ್ನಿ ಗ್ಯಾಜೆಟ್ ಎಂಬ ಚಂದದ ಕಲ್ಪನೆಯಿದೆ: ಸೊಂಟಪಟ್ಟಿಯಲ್ಲಿ ಏನೋ ಒಂದು ಇದೆ, ಅದು ಏನೆಂದು ಬೇಕಾದ ಗಳಿಗೆಯಲ್ಲಿ ಹೇಳಿದರೆ ಸಾಕು. ಬ್ಯಾಟ್‌ಮ್ಯಾನ್ ಪಟ್ಟಿಯಿಂದ ಸಮಯಕ್ಕೆ ಸರಿಯಾದ ವಸ್ತು ಹೊರಬರುವ ಕಾಮಿಕ್ಸ್ ಪುಟಕ್ಕೆ ಇದರಷ್ಟು ಹತ್ತಿರ ಹೋದ ನಿಯಮ ನಾನು ಹೆಚ್ಚು ಕಂಡಿಲ್ಲ.

ನನ್ನ ಮೇಜಿನಲ್ಲಿ ಈಗ ನಡೆಯುವುದು ಇಷ್ಟು. ಯಾವ ಮನುಷ್ಯನ ಬಳಿಯೂ ಇರಬಹುದಾದ ವಸ್ತುವಿಗೆ ಪಾಯಿಂಟ್ ಇಲ್ಲ, ಹಾಳೆಯಲ್ಲಿ ಬರೆಯುವ ಅಗತ್ಯವೂ ಇಲ್ಲ. ವೈದ್ಯೆಯ ಚೀಲದಲ್ಲಿ ಬ್ಯಾಂಡೇಜ್, ಪತ್ರಕರ್ತನ ಜೇಬಿನಲ್ಲಿ ಪೆನ್ನು ಇದ್ದೇ ಇರುತ್ತವೆ. ಟಾರ್ಚೂ ಇರುತ್ತದೆ. ಆದರೆ ಆ ವಸ್ತು ಪಕ್ಕದವರು ಪಾಯಿಂಟ್ ತೆತ್ತು ಪಡೆದ ಶಕ್ತಿಯ ಜಾಗಕ್ಕೆ ಕೈಚಾಚಿದರೆ ಅದರ ಬಡತನವನ್ನು ನಾನು ನೆನಪಿಸುತ್ತೇನೆ. ಟಾರ್ಚು ಒಂದು ದಿಕ್ಕಿಗೆ ಮಾತ್ರ ಬೆಳಕು ಕೊಡುತ್ತದೆ, ಒಂದು ಕೈಯನ್ನು ಹಿಡಿದಿಡುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ‘ನಾನು ಇಲ್ಲಿದ್ದೇನೆ’ ಎಂದು ಶತ್ರುವಿಗೆ ಕೂಗಿ ಹೇಳುತ್ತದೆ. ಕತ್ತಲಲ್ಲಿ ಕಾಣುವವಳಿಗೆ ಈ ಮೂರೂ ತೊಂದರೆಗಳಿಲ್ಲ. ಅಂದಿನ ಸುರಂಗದಲ್ಲಿ ನಾನು ಹೇಳಬೇಕಿದ್ದದ್ದು ಇದನ್ನೇ: ಟಾರ್ಚ್ ಹೊತ್ತಿಸು, ಮೊದಲ ಗುಂಡು ನಿನ್ನ ಕಡೆಗೇ ಬರುತ್ತದೆ.

ಸ್ಥಳದಲ್ಲಿ ಸಿಕ್ಕಿದ್ದನ್ನು ಬಳಸಲು ನನ್ನ ಆಕ್ಷೇಪವಿಲ್ಲ. ದೀಪದ ಕಂಬ ಕಿತ್ತು ಬೀಸುವವನು ಅದನ್ನು ಎತ್ತುವ ಬಲಕ್ಕೆ ಆಗಲೇ ಬೆಲೆ ಕೊಟ್ಟಿದ್ದಾನೆ. ಸೋತ ಖಳನ ಕಿರಣದ ಬಂದೂಕನ್ನು ಎತ್ತಿಕೊಂಡವನೂ ಆ ಸಂಜೆಯ ಮಟ್ಟಿಗೆ ಅದನ್ನು ಬಳಸಲಿ. ಮುಂದಿನ ವಾರವೂ ಬೇಕೆಂದರೆ ಅನುಭವದಿಂದ ಗಳಿಸಿದ ಪಾಯಿಂಟ್ ಕೊಡಬೇಕು, ಇಲ್ಲದಿದ್ದರೆ ಅದರ ಬ್ಯಾಟರಿ ಮುಗಿದಿರುತ್ತದೆ. ಇದು ನನ್ನ ಉಪಾಯವಲ್ಲ, ಈ ಆಟಗಳಲ್ಲಿ ಹಳೆಯ ವಾಡಿಕೆ.

‘ಸಾಮಾನ್ಯ’ ಎಂಬ ಮಾತಿಗೆ ಇಸವಿಯೂ ಅಂಟಿಕೊಂಡಿದೆ. ಚಾಂಪಿಯನ್ಸ್ ಬಂದಾಗ ಊರಿನಾಚೆಯ ಗೆಳೆಯನೊಡನೆ ನಡೆಯುತ್ತಲೇ ಮಾತಾಡುವುದು ಪಾಯಿಂಟ್ ಕೊಟ್ಟು ಪಡೆಯಬೇಕಾದ ಭಾಗ್ಯ. ಎರಡು ವರ್ಷದ ನಂತರ, 1983ರಲ್ಲಿ, ಮೊಟೊರೋಲಾ ಕಂಪನಿಯ ಕೈಫೋನು ಮಾರುಕಟ್ಟೆಗೆ ಬಂದಾಗ ಅದರ ಬೆಲೆ 3,995 ಡಾಲರ್. ಅಂದರೆ ಕೋಟ್ಯಧಿಪತಿ ನಾಯಕನಿಗೆ ಮಾತ್ರ ತಕ್ಕದ್ದು. ಇಂದು ಕ್ಯಾಮೆರಾ, ನಕ್ಷೆ, ದಿಕ್ಸೂಚಿ, ಅದೇ ಟಾರ್ಚು, ಎಲ್ಲವೂ ಒಂದೇ ಮೊಬೈಲಿನಲ್ಲಿ ಎಲ್ಲರ ಜೇಬಿನಲ್ಲಿವೆ. ಹಳೆಯ ನಿಯಮಪುಸ್ತಕ ಹಿಡಿದು ಆಡುವಾಗ ಕತೆ ನಡೆಯುವ ವರ್ಷ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಎಂಬತ್ತರ ದಶಕದ ನ್ಯೂಯಾರ್ಕ್ ಆದರೆ ಟೆಲಿಫೋನ್ ಬೂತಿಗೆ ಚಿಲ್ಲರೆ ಹುಡುಕುವುದೂ ಒಂದು ರೋಚಕ ದೃಶ್ಯವಾಗುತ್ತದೆ.

ನನಗೆ ಇನ್ನೂ ಬಗೆಹರಿಯದಿರುವುದು ಡ್ರೋನ್. ಕಳೆದ ತಿಂಗಳು ಹೊಸ ಆಟಗಾರನೊಬ್ಬ, ಅಂಗಡಿಯಲ್ಲಿ ಸಿಗುವ ವಸ್ತು ತಾನೇ ಎಂದು ಅದನ್ನು ಪಾಯಿಂಟ್ ಇಲ್ಲದೆ ಕೇಳಿದ. ಮೇಜಿನ ಆ ತುದಿಯಲ್ಲಿ ಹಾರುವ ಶಕ್ತಿಗೂ ದೂರದೃಷ್ಟಿಗೂ ಬೆಲೆ ಕೊಟ್ಟು ಕುಳಿತಿದ್ದವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ದಿನ ಕತೆಯೊಳಗೆ ಜೋರಾಗಿ ಗಾಳಿ ಬೀಸಿತು, ಡ್ರೋನ್ ಮೇಲೇಳಲಿಲ್ಲ. ಪ್ರತಿ ವಾರವೂ ಬಿರುಗಾಳಿ ಎಬ್ಬಿಸಲಾಗದು ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.