ಬಿಚ್ಚಲು ಬರುವ ಸ್ವೆಟರ್

ಹೊಸ ಸ್ವೆಟರ್ ಡಿಸೈನ್ ಮಾಡಲು ಕೂತಾಗ ನಾನು ಮೊದಲು ಕೇಳಿಕೊಳ್ಳುವುದು, ಇದು ಎಲ್ಲಿ ಹರಿಯುತ್ತದೆ ಅಂತ. ಸಾಮಾನ್ಯವಾಗಿ ತೋಳಿನ ತುದಿ, ಮೊಣಕೈ, ಕಂಕುಳು. ಅಲ್ಲಿ ಬಿಚ್ಚಿ ಮತ್ತೆ ಹೆಣೆಯಲು ಬರುವ ಹಾಗಿದ್ದರೆ ಬಣ್ಣ, ಚಿತ್ತಾರದ ಮಾತು. ಪರಿಸರಸ್ನೇಹಿ ಅಂತ ಚೀಟಿ ಇರುವ ಉಣ್ಣೆ ತಂದು, ಎರಡು ಚಳಿಗಾಲಕ್ಕೆ ಬಿಸಾಡುವ ಸ್ವೆಟರ್ ಮಾಡಿದರೆ ಏನು ಬಂತು?

ಈ ವಿಷಯದಲ್ಲಿ ನನಗೆ ಗುರು ಅಂದರೆ ಗಾನ್ಸಿ. 19ನೇ ಶತಮಾನದಲ್ಲಿ ಬ್ರಿಟನ್ ಕರಾವಳಿಯ ಮೀನುಗಾರರು ತೊಡುತ್ತಿದ್ದ ಬಿಗಿ ಸ್ವೆಟರ್ ಇದು. ಹೆಚ್ಚಾಗಿ ಕಡುನೀಲಿ. ಐದೆಳೆ ಹುರಿ ಮಾಡಿದ ಉಣ್ಣೆ ದಾರವನ್ನು ಸಣ್ಣ ಉಕ್ಕಿನ ಕಡ್ಡಿಗಳಲ್ಲಿ ತುಂಬಾ ಒತ್ತಾಗಿ ಹೆಣೆಯುತ್ತಿದ್ದರು. ಗಾಳಿ, ತುಂತುರು ಸುಲಭಕ್ಕೆ ಒಳಗೆ ಬರುತ್ತಿರಲಿಲ್ಲ. ಮೈಭಾಗವನ್ನು ಸುತ್ತಲೂ ಕೊಳವೆಯ ಹಾಗೆ ಹೆಣೆಯುವುದರಿಂದ ಪಕ್ಕದಲ್ಲಿ ಹೊಲಿಗೆಯೇ ಇಲ್ಲ. ಕಂಕುಳಿನಲ್ಲಿ ವಜ್ರಾಕಾರದ ಸಣ್ಣ ಭಾಗವೊಂದನ್ನು ಸೇರಿಸಿಯೇ ಹೆಣೆದಿರುತ್ತಾರೆ. ಬಲೆ ಎಳೆಯಲು ಕೈ ಎತ್ತಿದರೆ ಜಗ್ಗುವುದಿಲ್ಲ. ಎಷ್ಟೋ ಗಾನ್ಸಿಗಳಲ್ಲಿ ಹಿಂದೆ, ಮುಂದೆ ಒಂದೇ ಥರ. ತಿರುಗಿಸಿ ತೊಟ್ಟರೆ ಸವೆತ ಎರಡೂ ಕಡೆಗೆ ಹಂಚಿಹೋಗುತ್ತದೆ.

ತುಂಬಾ ಇಷ್ಟವಾಗಿದ್ದು ಅದರ ತೋಳು. ಭುಜದ ಹತ್ತಿರ ಕುಣಿಕೆಗಳನ್ನು ಎತ್ತಿಕೊಂಡು ಮಣಿಕಟ್ಟಿನ ಕಡೆಗೆ ಹೆಣೆಯುತ್ತಾ ಬರುತ್ತಾರೆ. ಹೆಣಿಗೆ ಮುಗಿದ ತುದಿಯಿಂದ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಶುರುವಾದ ತುದಿಯಿಂದ ಬಿಚ್ಚುವುದು ಕಷ್ಟ. ಹಾಗಾಗಿ ಮಣಿಕಟ್ಟಿನ ಹತ್ತಿರ ಹರಿದರೆ ಅಷ್ಟನ್ನೇ ಬಿಚ್ಚಿ, ಹೊಸ ದಾರದಲ್ಲಿ ಹೆಣೆದರಾಯಿತು. ಚಿತ್ತಾರವೆಲ್ಲ ಎದೆ ಮತ್ತು ತೋಳಿನ ಮೇಲ್ಭಾಗದಲ್ಲಿ. ಕೆಳಗೆ ಸಾದಾ. ರಿಪೇರಿ ಮಾಡುವವರಿಗೆ ಚಿತ್ತಾರ ಹೊಂದಿಸುವ ತಲೆನೋವಿಲ್ಲ.

(ಮುಳುಗಿ ಸತ್ತವರನ್ನು ಅವರವರ ಊರಿನ ಚಿತ್ತಾರ ನೋಡಿ ಗುರುತಿಸುತ್ತಿದ್ದರು ಅನ್ನುವ ಕಥೆಯೊಂದಿದೆ. ಕೇಳಲು ಚೆನ್ನಾಗಿದೆ, ನಂಬಲು ಕಷ್ಟ. ಹೆರಿಂಗ್ ಮೀನಿನ ಕೆಲಸಕ್ಕೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಹೆಂಗಸರು ಬಿಡುವಿದ್ದಾಗ ಹೆಣೆಯುತ್ತಿದ್ದರು. ಅವರ ಜೊತೆ ಚಿತ್ತಾರಗಳೂ ಊರೂರು ಸುತ್ತಿದವು. ನಾನಂತೂ ಈ ಕಥೆ ಹೇಳಿ ಸ್ವೆಟರ್ ಮಾರುವುದಿಲ್ಲ.)

ನಮ್ಮಮ್ಮ ಗಾನ್ಸಿ ನೋಡಿದವರಲ್ಲ. ಅಣ್ಣನ ಸ್ವೆಟರ್ ಗಿಡ್ಡವಾದರೆ ಬಿಚ್ಚುತ್ತಿದ್ದರು. ದಾರವನ್ನು ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ಒಗೆದು, ಭಾರ ಕಟ್ಟಿ ನೇತುಹಾಕುತ್ತಿದ್ದರು. ಸುಕ್ಕು ಹೋದ ಮೇಲೆ ಅದೇ ನನ್ನ ಸ್ವೆಟರ್. ದಾರ ಸಾಲದಿದ್ದರೆ ತೋಳಿಗೆ ಬೇರೆ ಬಣ್ಣದ ಪಟ್ಟೆ. ಈಗ ನನ್ನ ಡಿಸೈನುಗಳಲ್ಲಿ ತೋಳಿನ ಕೆಳಗೆ ಪಟ್ಟೆಗಳನ್ನು ಬೇಕಂತಲೇ ಹಾಕುತ್ತೇನೆ. ಮುಂದೆ ರಿಪೇರಿಗೆ ಇನ್ನೊಂದು ಬಣ್ಣ ಬಂದರೂ ಅದು ಡಿಸೈನಿನಲ್ಲೇ ಸೇರಿಹೋಗಬೇಕಲ್ವಾ?

ಅಗ್ಗದ ಸ್ವೆಟರ್‌ಗಳಲ್ಲಿ ಎಷ್ಟೋ ಹೀಗೆ ಬಿಚ್ಚಲು ಬರುವುದಿಲ್ಲ. ಉದ್ದಕ್ಕೆ ಹೆಣೆದ ಬಟ್ಟೆಯನ್ನು ಕತ್ತರಿಸಿ ಓವರ್‌ಲಾಕ್ ಹಾಕಿರುತ್ತಾರೆ. ಪ್ರತಿ ಸಾಲೂ ಅಂಚಿನಲ್ಲಿ ಕತ್ತರಿಸಿ ಹೋಗಿರುವುದರಿಂದ ಸಿಗುವುದು ಬರೀ ತುಂಡು ದಾರ. ಆಕಾರಕ್ಕೆ ತಕ್ಕಂತೆ ಹೆಣೆದು ಅಂಚು ಜೋಡಿಸಿದ್ದರೆ ಉದ್ದ ದಾರ ಸಿಗುತ್ತದೆ. ಅಂಗಡಿಯಲ್ಲಿ ಒಳಮಗ್ಗುಲು ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಇಡೀ ಉಡುಪನ್ನೇ ಹೊಲಿಗೆಯಿಲ್ಲದೆ ಹೆಣೆಯುವ ಯಂತ್ರವನ್ನು ಜಪಾನಿನ ಶಿಮಾ ಸೈಕಿ ಕಂಪನಿ 1995ರಲ್ಲೇ ತಂದಿದೆ. ಕತ್ತರಿಸಿ ಎಸೆಯುವ ಬಟ್ಟೆಯೇ ಇರುವುದಿಲ್ಲ. ಆದರೆ ಯಂತ್ರ ದುಬಾರಿ, ನನ್ನಂಥ ಸಣ್ಣವರಿಗೆ ಎಟುಕುವುದಿಲ್ಲ.

ದಾರ ಒಂದೇ ನಾರಿನದ್ದಾಗಿರಲಿ. ಉಣ್ಣೆಗೆ ಅಕ್ರಿಲಿಕ್ ಬೆರೆಸಿದರೆ ಆಮೇಲೆ ಬೇರ್ಪಡಿಸುವುದು ಕಷ್ಟ. ನಮ್ಮ ಡೆಕ್ಕನಿ ಕುರಿಯ ಉಣ್ಣೆಯಲ್ಲೇ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಕಂಬಳಿಗೆ ಅದು ಸರಿ. ಕುತ್ತಿಗೆಗೆ ತಾಗಿದರೆ ಚುಚ್ಚುತ್ತದೆ. ಅಂಗಿಯ ಮೇಲೆ ಹಾಕುವ ದಪ್ಪ ಜಾಕೆಟ್‌ಗೆ ಮಾತ್ರ ಬಳಸುತ್ತೇನೆ.

ಪ್ರತಿ ಸ್ವೆಟರ್ ಒಳಗೆ, ಪಕ್ಕದಲ್ಲಿ, ಅದೇ ದಾರದ ಸಣ್ಣ ಲಡಿಯೊಂದನ್ನು ಸಡಿಲವಾಗಿ ಹೊಲಿದಿರುತ್ತೇನೆ. ಸುಮ್ನೆ ಯಾಕೆ ಅಂತ ಕಿತ್ತು ಪೆಟ್ಟಿಗೆಯಲ್ಲಿ ಇಡಬೇಡಿ. ಸ್ವೆಟರ್ ಜೊತೆ ಅದೂ ಒಗೆತ ಕಾಣಲಿ, ಅಷ್ಟೇ ಮಾಸಲಿ. ಇಲ್ಲದಿದ್ದರೆ ನಾಲ್ಕು ವರ್ಷ ಬಿಟ್ಟು ರಿಪೇರಿ ಮಾಡುವಾಗ ಬಣ್ಣ ಹೊಂದುವುದಿಲ್ಲ.