ಬ್ಲೀಡ್ ಮಾಡುವುದು ಬೇರೆ, ಸೋರುವುದು ಬೇರೆ

ಪರಿಚಿತರೊಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಹಾಸನದ ವರ್ಕ್‌ಶಾಪೊಂದು ಕೊಟ್ಟ ಬಿಲ್ಲಿನಲ್ಲಿ ‘ಕ್ಲಚ್ ಬ್ಲೀಡಿಂಗ್ ನಿಲ್ಲಿಸಲಾಗಿದೆ’ ಎಂದು ಬರೆದಿತ್ತು. ನಿಲ್ಲಿಸಲು ಅದು ಕಾಯಿಲೆಯಲ್ಲ, ಚಿಕಿತ್ಸೆ: ಕ್ಲಚ್ಚನ್ನು ನಡೆಸುವ ದ್ರವದಲ್ಲಿ ಸೇರಿಕೊಂಡ ಗಾಳಿಯನ್ನು ಹೊರತೆಗೆಯುವ ಕೆಲಸ. ಇದಕ್ಕೂ ಮುನ್ನ ಚಿಕ್ಕಮಗಳೂರಿನ ಹಳೆಯ ಕಾರುಗಳ ಆಸಕ್ತರೊಬ್ಬರು ಇದನ್ನು ‘ಕ್ಲಚ್ಚಿನ ರಕ್ತಸ್ರಾವ’ ಎಂದೇ ಕನ್ನಡಿಸಿದ್ದರು. ಆಗ ಸುಮ್ಮನಿದ್ದೆ, ಈಗ ಪದವನ್ನು ಬಿಡಿಸಿ ಹೇಳದೆ ವಿಧಿಯಿಲ್ಲ.

ಇಂಗ್ಲಿಷಿನ ‘ಬ್ಲೀಡ್’ ಕ್ರಿಯಾಪದಕ್ಕೆ ಎರಡು ಮುಖಗಳಿವೆ: ರಕ್ತ ತಾನಾಗಿ ಹರಿಯುವುದು ಒಂದು, ವೈದ್ಯನು ಬೇಕೆಂದೇ ರಕ್ತ ತೆಗೆಯುವುದು ಇನ್ನೊಂದು. ಕ್ಲಚ್ಚಿನ ಮಾತಿನಲ್ಲಿ ಇರುವುದು ಈ ಎರಡನೆಯದು. ಆಯುರ್ವೇದವಂತೂ ಇವೆರಡಕ್ಕೆ ಬೇರೆ ಬೇರೆ ಹೆಸರನ್ನೇ ಇಟ್ಟಿದೆ; ಜಿಗಣೆ ಹಿಡಿಸಿ ಕೆಟ್ಟ ರಕ್ತ ತೆಗೆದರೆ ಅದು ರಕ್ತಮೋಕ್ಷಣ, ಕತ್ತಿ ತಾಗಿ ಹರಿದರೆ ರಕ್ತಸ್ರಾವ. ಮಳೆಗಾಲದಲ್ಲಿ ತೋಟ ಸುತ್ತಿ ಬಂದು, ಇಂಬಳ ಕಚ್ಚಿದ ಕಾಲನ್ನು ಒರೆಸಿಕೊಳ್ಳುವ ಮಲೆನಾಡಿನವರಿಗೆ ಈ ಭೇದವನ್ನು ವಿವರಿಸಬೇಕಾಗಿ ಬಂದದ್ದೇ ಸೋಜಿಗ. ಕನ್ನಡದಲ್ಲಿಯೂ ಮಾಡು ಸೋರುತ್ತದೆ, ಅನ್ನದ ಗಂಜಿಯನ್ನು ನಾವು ಬಸಿಯುತ್ತೇವೆ. ಆದರೆ ‘ಬಸಿ’ ಕೂಡ ಇಲ್ಲಿ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಹೊರಹೋಗಬೇಕಾದದ್ದು ದ್ರವವಲ್ಲ, ಅದರಲ್ಲಿ ಸೇರಿಕೊಂಡ ಗಾಳಿ. ಮೆಕ್ಯಾನಿಕ್‌ಗಳು ಬಾಯಲ್ಲಿ ಹೇಳುವ ‘ಏರ್ ತೆಗೆಯುವುದು’ ಎಂಬ ಮಾತೇ ಎಲ್ಲಕ್ಕಿಂತ ಸರಿಯಾಗಿದೆ; ಬಿಲ್ಲು ಬರೆಯುವಾಗ ಅದನ್ನೇಕೆ ಬಿಡುತ್ತಾರೋ ತಿಳಿಯದು.

ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದ್ದರಿಂದ ದ್ರವದಲ್ಲಿ ಗಾಳಿ ಸೇರಿದ್ದರೆ ಪೆಡಲ್ ತುಳಿದ ಬಲವು ಪೆಡಲಿನ ಬದಿಯ ಮಾಸ್ಟರ್ ಸಿಲಿಂಡರಿನಿಂದ ಕ್ಲಚ್ಚಿನ ಬದಿಯ ಸ್ಲೇವ್ ಸಿಲಿಂಡರಿಗೆ ಪೂರ್ತಿ ತಲುಪದೆ ಗುಳ್ಳೆಗಳನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕರಕರ ಎನ್ನುತ್ತದೆ. ಏರ್ ತೆಗೆಯಲು, ಸ್ಲೇವ್ ಸಿಲಿಂಡರಿನಲ್ಲಿ ಗಾಳಿ ಬಿಡಲೆಂದೇ ಇರುವ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿನ ದ್ರವದೊಳಗೆ ಮುಳುಗಿಸಿ, ಒಬ್ಬರು ಪೆಡಲನ್ನು ನಿಧಾನವಾಗಿ ತುಳಿಯುವಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಮೇಲೇಳುವ ಮೊದಲೇ ಬಿಗಿ ಮಾಡಬೇಕು. ಕೊಳವೆಯಲ್ಲಿ ಮೊದಲು ಸೋಡಾದಂತೆ ನೊರೆ, ಆಮೇಲೆ ಬಿಡಿ ಗುಳ್ಳೆ, ಕೊನೆಗೆ ಬರಿಯ ದ್ರವ ಬರುತ್ತದೆ. ಈ ನಡುವೆ ಮೇಲಿನ ದ್ರವದ ಡಬ್ಬಿ ಬರಿದಾದರೆ ಹೊಸ ಗಾಳಿ ನುಗ್ಗಿ ಕೆಲಸ ಮೊದಲಿನಿಂದ ಶುರು. ಗಾಳಿ ಮೇಲಕ್ಕೇರುವುದರಿಂದ, ಸ್ಲೇವ್ ಸಿಲಿಂಡರನ್ನು ನಿಪ್ಪಲ್ ಕೆಳಗಾಗುವಂತೆ ತಿರುಗಿಸಿ ಕೂರಿಸಿದ್ದರೆ ಸಂಜೆಯವರೆಗೆ ತುಳಿದರೂ ಅದು ಹೋಗುವುದಿಲ್ಲ.

ವಿಲ್ಲಿಸ್ ಜೀಪಿನ ಕ್ಲಚ್ಚನ್ನೂ ಬ್ಲೀಡ್ ಮಾಡಿಸಿದ್ದಾಗಿ ಹೇಳುವವರಿದ್ದಾರೆ. ಆ ಕ್ಲಚ್ಚಿನಲ್ಲಿ ದ್ರವವೇ ಇಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ಲಚ್ಚೂ ಕೇಬಲ್ಲಿನದು.

ಹೆರಾಲ್ಡಿನಲ್ಲಿ ನಿಜವಾಗಿ ಇದ್ದ ದೋಷಕ್ಕೆ ಹೆಸರು ಸೋರಿಕೆ. ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಾಗ ಒಳಗೆ ಒದ್ದೆಯಾಗಿತ್ತು, ಸೀಲ್ ಹೋಗಿತ್ತು. ಸೀಲ್ ಬದಲಿಸಿದ ಮೇಲೆ ಏರ್ ತೆಗೆದಿದ್ದರು. ಬಿಲ್ಲಿನಲ್ಲಿ ಬರೆಯಬೇಕಾಗಿದ್ದದ್ದು ಎರಡು ಸಾಲು: ‘ಸೋರಿಕೆ ನಿಲ್ಲಿಸಲಾಗಿದೆ, ಬ್ಲೀಡ್ ಮಾಡಲಾಗಿದೆ.’